ಅಮೆರಿಕದಿಂದ ಸಂಗೊಳ್ಳಿಗೆ ಎಷ್ಟು ತಾಸು? ಮೊಬೈಲ್ ಹೇಳೋದು 17, ಮನಿ ಮುಟ್ಟಲು ಬೇಕಾಗೋದು 30

ಬೈಲಹೊಂಗಲ: ಊರಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಅಂಗಳದಲ್ಲಿ ಕುಂತವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟೊತ್ತಿಗೆ ಬರ್ತಾರಂತ?’ ಯಾರೋ ಒಬ್ಬ ಹುಡುಗ ಮೊಬೈಲ್ ತೆಗೆದು ನೋಡಿ ‘17 ತಾಸು ತೋರಿಸ್ತದ’ ಅಂತಾನೆ. ಹಿರಿಯರು ಬೆರಳೆಣಿಸಿ ನಾಳೆ ಮಧ್ಯಾಹ್ನದ ಹೊತ್ತಿಗೆ ಮಣ್ಣು ಅಂತ ನಿರ್ಧರಿಸುತ್ತಾರೆ. ನಾಳೆ ಮಧ್ಯಾಹ್ನ ಆಗುತ್ತದೆ, ಮಗ ಇನ್ನೂ ಆಕಾಶದಲ್ಲೇ ಇರುತ್ತಾನೆ.

ತಪ್ಪು ಮೊಬೈಲಿನದ್ದಲ್ಲ, ಲೆಕ್ಕದ್ದು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಬೇರೆ, ಹಾರಾಟದ ಸಮಯ ಬೇರೆ, ಮನೆಯಿಂದ ಮನೆಗೆ ಆಗುವ ಪ್ರಯಾಣ ಬೇರೆ. ಈ ಮೂರನ್ನೂ ಒಂದೇ ಅಂತ ತಿಳಿದರೆ ಲೆಕ್ಕ ಕೆಡುತ್ತದೆ. ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ, ಓದಿಗೆ ಅಂತ ಅಮೆರಿಕಕ್ಕೆ ಹೋಗುವುದು ಈಗ ಹೊಸತಲ್ಲ. ಮಗಳ ಬಾಣಂತನಕ್ಕೆ ಅಂತ ತಾಯಂದಿರೂ ವಿಮಾನ ಹತ್ತುತ್ತಿದ್ದಾರೆ. ಹಾಗಾಗಿ ಬೆಂಗಳೂರು ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಡುವಿನ ಹಾದಿಯನ್ನೇ ಉದಾಹರಣೆ ಇಟ್ಟುಕೊಂಡು ಈ ಲೆಕ್ಕ ಬಿಡಿಸಿ ನೋಡೋಣ.

ದೂರ ಎಷ್ಟು?

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಅತಿ ಹತ್ತಿರದ ಹಾದಿ ಸುಮಾರು 14,000 ಕಿಲೋಮೀಟರ್. ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 445 ಕಿಲೋಮೀಟರ್. ಅಂದರೆ ಬೆಳಗಾವಿ–ಬೆಂಗಳೂರು ಹಾದಿಯನ್ನು ಒಂದರ ಹಿಂದೆ ಒಂದರಂತೆ 31 ಸಲ ಜೋಡಿಸಿದಷ್ಟು ದೂರ.

ಈ ಹಾದಿಯಲ್ಲಿ ನಡುವೆ ಎಲ್ಲೂ ಇಳಿಯದೆ ಹಾರಿದ ಮೊದಲ ವಿಮಾನ ಏರ್ ಇಂಡಿಯಾದ್ದು. 2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಎಐ-176 ವಿಮಾನ ಜನವರಿ 11ರ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿಯಿತು. ವಿಮಾನ ನಡೆಸಿದವರು ಕ್ಯಾಪ್ಟನ್ ಜೋಯಾ ಅಗರವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ. ಉತ್ತರ ಧ್ರುವದ ಮೇಲಿನ ಹಾದಿ ಹಿಡಿದು, ಸುಮಾರು 17 ತಾಸು ಹಾರಿದ ಆ ಪ್ರಯಾಣ ಆಗ ದೇಶದ ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು.

ಹೊರಟಿದ್ದು 9ಕ್ಕೆ, ಮುಟ್ಟಿದ್ದು 11ಕ್ಕೆ. ಹಾರಿದ್ದು ಮಾತ್ರ 17 ತಾಸು. ನಡುವಿನ 10ನೇ ತಾರೀಖು ಎಲ್ಲಿ ಹೋಯಿತು? ಅದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಹಾದಿಯ ವಿಷಯ.

ನಕಾಶೆಯಲ್ಲಿ ನೆಟ್ಟಗಿರೋದು ಹತ್ತಿರದ ಹಾದಿ ಅಲ್ಲ

ಶಾಲೆಯ ಗೋಡೆಯ ಮೇಲೆ ತೂಗು ಹಾಕಿದ ಪ್ರಪಂಚದ ನಕಾಶೆ ನೋಡಿದರೆ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೆಯಬಹುದು. ಪೆಸಿಫಿಕ್ ಸಾಗರದ ಮೇಲೆ ಹಾದು ಹೋಗುವ ಗೆರೆ ಅದು. ಆದರೆ ಆ ನೆಟ್ಟನೆಯ ಗೆರೆಯ ಮೇಲೇ ವಿಮಾನ ಹಾರಿದರೆ ಸುಮಾರು 16,100 ಕಿಲೋಮೀಟರ್ ಆಗುತ್ತದೆ. ಅಂದರೆ 2,100 ಕಿಲೋಮೀಟರ್ ಸುಮ್ಮನೆ ಸುತ್ತು. ವಿಮಾನಕ್ಕೆ ಅದು ಎರಡು ತಾಸಿಗೂ ಹೆಚ್ಚಿನ ಹಾದಿ.

ಕಾರಣ ಸರಳ. ನಕಾಶೆ ಚಪ್ಪಟೆ, ಭೂಮಿ ಗುಂಡಗಿದೆ. ಗುಂಡಗಿನ ವಸ್ತುವಿನ ಸಿಪ್ಪೆ ಸುಲಿದು ಹಲಗೆಯ ಮೇಲೆ ಹಾಸಿದರೆ ಎಲ್ಲೋ ಒಂದು ಕಡೆ ಎಳೆದು ಹಿಗ್ಗಿಸಬೇಕಾಗುತ್ತದೆ. ನಕಾಶೆಯಲ್ಲಿ ಹಾಗೆ ಹಿಗ್ಗಿರುವುದು ಉತ್ತರ ಮತ್ತು ದಕ್ಷಿಣ ಧ್ರುವದ ಕಡೆಯ ಭಾಗ. ಅಲ್ಲಿ ನಿಜವಾಗಿ ಕಡಿಮೆ ಇರುವ ದೂರ ಕಾಗದದ ಮೇಲೆ ಬಹಳ ಕಾಣುತ್ತದೆ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ದುಂಡನೆಯ ಕಲ್ಲಂಗಡಿ ತೊಗೊಳ್ಳಿ. ತೊಟ್ಟಿನ ಜಾಗ ಉತ್ತರ ಧ್ರುವ ಅಂತ ಇಟ್ಟುಕೊಳ್ಳಿ. ತೊಟ್ಟಿನಿಂದ ಸ್ವಲ್ಪ ಕೆಳಗೆ, ಒಂದು ಪಕ್ಕದಲ್ಲಿ ಒಂದು ಚುಕ್ಕಿ, ಹೆಚ್ಚು ಕಡಿಮೆ ಅದರ ಎದುರು ಪಕ್ಕದಲ್ಲಿ ಇನ್ನೊಂದು ಚುಕ್ಕಿ ಇಡಿ. ಈಗ ಎರಡೂ ಚುಕ್ಕಿಗೆ ದಾರ ಹಿಡಿದು ಬಿಗಿಯಾಗಿ ಎಳೆದರೆ ದಾರ ತಾನಾಗಿಯೇ ಹೊಟ್ಟೆಯ ಭಾಗ ಬಿಟ್ಟು ತೊಟ್ಟಿನ ಕಡೆಗೆ ಜಾರುತ್ತದೆ. ಹೊಟ್ಟೆಯ ಸುತ್ತ ಹಾಯುವ ದಾರ ಉದ್ದ, ತೊಟ್ಟಿನ ಹತ್ತಿರ ಹಾಯುವ ದಾರ ಗಿಡ್ಡ. ವಿಮಾನ ಹಿಡಿಯುವುದು ಗಿಡ್ಡ ದಾರದ ಹಾದಿ.

ಬೆಂಗಳೂರು ಇರುವುದು 77 ಡಿಗ್ರಿ ಪೂರ್ವ ರೇಖಾಂಶದ ಆಚೆ, ಸ್ಯಾನ್‌ಫ್ರಾನ್ಸಿಸ್ಕೊ ಇರುವುದು 122 ಡಿಗ್ರಿ ಪಶ್ಚಿಮ ರೇಖಾಂಶದ ಆಚೆ. ಎರಡೂ ಊರು ಭೂಮಿಯ ಎದುರುಬದುರು ಪಕ್ಕದಲ್ಲಿವೆ. ಹಾಗಾಗಿ ಲೆಕ್ಕದ ಪ್ರಕಾರ ಅತಿ ಹತ್ತಿರದ ಹಾದಿ ರಷ್ಯಾದ ಸೈಬೀರಿಯಾ ಮತ್ತು ಅಲಾಸ್ಕಾ ಕಡೆಯಿಂದ, ಉತ್ತರಕ್ಕೆ ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ.

ಹಾಗಾದರೆ 2021ರ ವಿಮಾನ ಇನ್ನೂ ಮೇಲೆ, ಧ್ರುವದ ಕಡೆಗೆ ಯಾಕೆ ಹೋಯಿತು? ಉತ್ತರ ಗಾಳಿಯಲ್ಲಿದೆ.

ಗಾಳಿ ಹಿಂದಿದ್ದರೆ ಲಾಭ, ಎದುರಿದ್ದರೆ ಲುಕ್ಸಾನು

ಆಷಾಢದಲ್ಲಿ ಗಾಳಿಗೆ ಎದುರಾಗಿ ಸೈಕಲ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗುವಾಗ ತುಳಿದು ತುಳಿದು ಕಾಲು ಸೋಲುತ್ತವೆ, ಬರುವಾಗ ಅದೇ ಗಾಳಿ ಬೆನ್ನಿಗೆ ಬಂದು ನೂಕುತ್ತದೆ. ಹಾದಿ ಅದೇ, ದೂರ ಅದೇ, ಹೊತ್ತು ಬೇರೆ.

ದೊಡ್ಡ ವಿಮಾನಗಳು ಹಾರುವುದು ನೆಲದಿಂದ 10ರಿಂದ 12 ಕಿಲೋಮೀಟರ್ ಮೇಲೆ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ರಭಸದಿಂದ ಹರಿಯುವ ಗಾಳಿ ಇದೆ. ಇದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇದರ ವೇಗ ಕೆಲವೊಮ್ಮೆ ತಾಸಿಗೆ 300 ಕಿಲೋಮೀಟರ್ ದಾಟುತ್ತದೆ. 2024ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನಿಂದ ಲಂಡನ್ನಿಗೆ ಹೊರಟಿದ್ದ ಒಂದು ಪ್ರಯಾಣಿಕರ ವಿಮಾನ ಈ ಗಾಳಿಯ ಬಲದಿಂದ ನೆಲದ ಲೆಕ್ಕದಲ್ಲಿ ತಾಸಿಗೆ ಸುಮಾರು 1,290 ಕಿಲೋಮೀಟರ್ ವೇಗ ಮುಟ್ಟಿತ್ತು. ಎಂಜಿನ್ ಓಡಿದ್ದು ಎಂದಿನಂತೆಯೇ, ಉಳಿದದ್ದು ಗಾಳಿಯ ಪಾಲು.

ಈಗ ನಮ್ಮ 14,000 ಕಿಲೋಮೀಟರ್ ಲೆಕ್ಕಕ್ಕೆ ಬರೋಣ. ವಿಮಾನದ ಸ್ವಂತ ವೇಗ ತಾಸಿಗೆ 900 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ.

* ಗಾಳಿಯೇ ಇಲ್ಲದಿದ್ದರೆ: ಸುಮಾರು 15 ತಾಸು 35 ನಿಮಿಷ.
* ಹಿಂದಿನಿಂದ 100 ಕಿಲೋಮೀಟರ್ ಗಾಳಿ ಇದ್ದರೆ ವೇಗ 1,000 ಆಗುತ್ತದೆ: 14 ತಾಸು.
* ಎದುರಿನಿಂದ 100 ಕಿಲೋಮೀಟರ್ ಗಾಳಿ ಇದ್ದರೆ ವೇಗ 800ಕ್ಕೆ ಇಳಿಯುತ್ತದೆ: 17 ತಾಸು 30 ನಿಮಿಷ.

ಒಂದೇ ಹಾದಿಗೆ ಮೂರೂವರೆ ತಾಸಿನ ಫರಕು. ಇದಕ್ಕೇ ಪೈಲಟ್‌ಗಳು ಹತ್ತಿರದ ಹಾದಿ ಒಂದನ್ನೇ ನೋಡುವುದಿಲ್ಲ. ಪೂರ್ವಕ್ಕೆ ಹೋಗುವಾಗ ಸ್ವಲ್ಪ ಸುತ್ತಾದರೂ ಗಾಳಿ ಹಿಂದೆ ಸಿಗುವ ಹಾದಿ ಹಿಡಿಯುತ್ತಾರೆ. ಗಾಳಿ ಎದುರಾಗುವುದಾದರೆ ಅದನ್ನು ತಪ್ಪಿಸಿ ಧ್ರುವದ ಕಡೆಯಿಂದ ಬಳಸಿ ಬರುತ್ತಾರೆ. ಬೈಲಹೊಂಗಲದಿಂದ ಬೆಳಗಾವಿಗೆ ನೇಸರಗಿ ಮೇಲೂ ಹೋಗಬಹುದು, ಸಂಪಗಾಂವ–ಹಿರೇಬಾಗೇವಾಡಿ ಮೇಲೆ ಹೈವೇ ಹಿಡಿದೂ ಹೋಗಬಹುದು. ಡ್ರೈವರ್ ಆ ಹೊತ್ತಿಗೆ ಯಾವ ರಸ್ತೆ ಖಾಲಿ ಅಂತ ನೋಡಿ ಗಾಡಿ ತಿರುಗಿಸುತ್ತಾನೆ. ವಿಮಾನದ್ದೂ ಇದೇ ಕತೆ. ಹಾದಿಯನ್ನು ಆಯಾ ದಿನದ ಹವಾಮಾನ ನೋಡಿಯೇ ಹಾಕುತ್ತಾರೆ.

ಹೀಗಾಗಿ ಬೆಂಗಳೂರಿನಿಂದ ಹೋಗುವಾಗ ಸುಮಾರು 16 ತಾಸು, ಬರುವಾಗ 17ರಿಂದ 18 ತಾಸು ಬೇಕಾಗುತ್ತದೆ. ‘ಹೋಗೋದು ಲಗೂನ, ಬರೋದು ತಡ ಯಾಕೆ’ ಎಂಬ ಪ್ರಶ್ನೆಗೆ ಇದೇ ಉತ್ತರ.

ಇಲ್ಲಿ ಹಲವರಿಗೆ ಇನ್ನೊಂದು ಅನುಮಾನ ಬರುತ್ತದೆ. ಭೂಮಿ ತಾನೇ ತಿರುಗುತ್ತದಲ್ಲ, ವಿಮಾನ ಮೇಲೆ ಸುಮ್ಮನೆ ನಿಂತರೆ ಅಮೆರಿಕ ಕೆಳಗೆ ಬರಬೇಕಲ್ಲ? ಬರುವುದಿಲ್ಲ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಓಡುವ ಬಸ್ಸಿನಲ್ಲಿ ಚೆಂಡು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ಮತ್ತೆ ಕೈಗೇ ಬರುತ್ತದೆ. ಇದೂ ಹಾಗೆಯೇ.

ಎರಡೂವರೆ ತಾಸಿನಾಗ ಅಮೆರಿಕ?

ಟಿಕೆಟ್ ನೋಡಿ ಗಾಬರಿಯಾಗುವುದು ಇಲ್ಲೇ. ಉದಾಹರಣೆಗೆ ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಡುವ ವಿಮಾನ 16 ತಾಸು ಹಾರಿದರೆ ಟಿಕೆಟ್ ಮೇಲೆ ಬರೆದಿರುವುದು ಹೀಗೆ: ಬಿಡುವುದು 14.30, ಮುಟ್ಟುವುದು 17.00, ಅದೇ ದಿನ! ನೋಡಿದವರಿಗೆ ಎರಡೂವರೆ ತಾಸಿನ ಪ್ರಯಾಣದಂತೆ ಕಾಣುತ್ತದೆ.

ಟಿಕೆಟ್‌ನಲ್ಲಿ ಬರೆಯುವುದು ಆಯಾ ಊರಿನ ಗಡಿಯಾರದ ಸಮಯ. ಭೂಮಿ 24 ತಾಸಿನಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ತಾಸಿಗೆ 15 ಡಿಗ್ರಿ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕ್ಯಾಲಿಫೋರ್ನಿಯಾದ ಗಡಿಯಾರ ನಡೆಯುವುದು 120 ಡಿಗ್ರಿ ಪಶ್ಚಿಮದ ಮೇಲೆ. ಎರಡೂ ಕೂಡಿಸಿದರೆ 202.5 ಡಿಗ್ರಿ. 15ರಿಂದ ಭಾಗಿಸಿದರೆ ಹದಿಮೂರೂವರೆ ತಾಸು. ನಮ್ಮ ಗಡಿಯಾರ ಅವರಿಗಿಂತ ಅಷ್ಟು ಮುಂದೆ.

ಬೆಂಗಳೂರಿನಲ್ಲಿ ಮಧ್ಯಾಹ್ನ 2.30 ಆದಾಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದೇ ದಿನದ ನಡುರಾತ್ರಿ 1 ಗಂಟೆ. ಅದಕ್ಕೆ 16 ತಾಸು ಕೂಡಿಸಿದರೆ ಸಂಜೆ 5. ಲೆಕ್ಕ ಸರಿಹೋಯಿತು.

ಬರುವಾಗ ಇದು ಉಲ್ಟಾ. ಜನವರಿ 9ರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟರೆ ನಮ್ಮ ಗಡಿಯಾರದಲ್ಲಿ ಆಗಲೇ ಜನವರಿ 10ರ ಬೆಳಗ್ಗೆ 10 ಗಂಟೆ. ಅಲ್ಲಿಂದ 17 ತಾಸು 45 ನಿಮಿಷ ಹಾರಿದರೆ ಜನವರಿ 11ರ ಬೆಳಗಿನ ಜಾವ 3.45. ನಡುವಿನ 10ನೇ ತಾರೀಖು ಕಳೆದುಹೋಗಿಲ್ಲ. ವಿಮಾನದೊಳಗೆ ಕುಂತಲ್ಲೇ ದಾಟಿಹೋಗಿದೆ, ಅಷ್ಟೇ.

ಒಂದು ಮೋಜಿನ ಮಾತು: ಟಿಕೆಟ್ ಪ್ರಕಾರ ಹೋಗುವುದು ಎರಡೂವರೆ ತಾಸು, ಬರುವುದು 31 ತಾಸು 15 ನಿಮಿಷ. ಎರಡೂ ಕೂಡಿಸಿದರೆ 33 ತಾಸು 45 ನಿಮಿಷ. ನಿಜವಾದ ಹಾರಾಟ 16 ತಾಸು ಮತ್ತು 17 ತಾಸು 45 ನಿಮಿಷ. ಅದನ್ನೂ ಕೂಡಿಸಿ, 33 ತಾಸು 45 ನಿಮಿಷವೇ ಬರುತ್ತದೆ. ಹೋಗುವಾಗ ಗಡಿಯಾರ ಕೊಟ್ಟದ್ದನ್ನು ಬರುವಾಗ ಬಡ್ಡಿ ಇಲ್ಲದೆ ವಾಪಸ್ ತೊಗೊಳ್ಳುತ್ತದೆ.

ಬೇಸಿಗೆಯಲ್ಲಿ ಮಾತ್ರ ಒಂದು ತಾಸಿನ ಬದಲಾವಣೆ ಇದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ತಾಸು ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಆ ಅವಧಿಯಲ್ಲಿ ಅಂತರ ಹನ್ನೆರಡೂವರೆ ತಾಸು. ಫೋನ್ ಮಾಡುವವರಿಗೆ ಸುಲಭ ಲೆಕ್ಕ: ನಮ್ಮಲ್ಲಿ ರಾತ್ರಿ 8 ಆದರೆ ಅಲ್ಲಿ ಬೇಸಿಗೆಯಲ್ಲಿ ಅದೇ ದಿನ ಬೆಳಗ್ಗೆ 7.30, ಚಳಿಗಾಲದಲ್ಲಿ ಬೆಳಗ್ಗೆ 6.30.

ಸಾಂಬ್ರಾದಿಂದಲೇ ಯಾಕೆ ಅಮೆರಿಕಕ್ಕೆ ಹಾರೋದಿಲ್ಲ?

ಸಾಂಬ್ರಾ ವಿಮಾನ ನಿಲ್ದಾಣ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ತರಬೇತಿಗೆಂದು ಕಟ್ಟಿದ್ದು. ಈಗಿನ ಟರ್ಮಿನಲ್ ಉದ್ಘಾಟನೆಯಾದದ್ದು 2017ರ ಸೆಪ್ಟೆಂಬರ್‌ನಲ್ಲಿ. ಈ ನಿಲ್ದಾಣಕ್ಕೆ ಕಿತ್ತೂರು ರಾಣಿ ಚನ್ನಮ್ಮನ ಹೆಸರು, ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಇಡಬೇಕೆಂದು 2023ರ ಡಿಸೆಂಬರ್‌ನಲ್ಲಿ ವಿಧಾನಸಭೆ ನಿರ್ಣಯ ಅಂಗೀಕರಿಸಿದೆ.

ಆದರೆ ಹೆಸರು ಎಷ್ಟು ದೊಡ್ಡದಿದ್ದರೂ ದೂರದ ವಿಮಾನ ಏಳಲು ಬೇಕಾಗುವುದು ರನ್‌ವೇ ಉದ್ದ. ಸಾಂಬ್ರಾದ ರನ್‌ವೇ 2,300 ಮೀಟರ್. ಬೆಂಗಳೂರಿನಲ್ಲಿ 4,000 ಮೀಟರ್‌ನ ಎರಡು ರನ್‌ವೇ ಇವೆ.

ಅಷ್ಟು ಉದ್ದ ಯಾಕೆ ಬೇಕು ಅಂದರೆ, ಭಾರ. 2021ರಲ್ಲಿ ಹಾರಿದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಟ್ಯಾಂಕಿಗೆ ಸುಮಾರು 1.8 ಲಕ್ಷ ಲೀಟರ್ ಇಂಧನ ಹಿಡಿಯುತ್ತದೆ. ಪೆಟ್ರೋಲ್ ಬಂಕಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ಲಾರಿ ನೆನಪಿಸಿಕೊಳ್ಳಿ. ಅಂಥ 15 ಟ್ಯಾಂಕರ್ ಇಂಧನ ಒಂದೇ ವಿಮಾನದ ಹೊಟ್ಟೆಯಲ್ಲಿ. ಇಷ್ಟು ತುಂಬಿಕೊಂಡ ವಿಮಾನಕ್ಕೆ ರೆಕ್ಕೆಗೆ ಸಾಕಷ್ಟು ಗಾಳಿ ಸಿಗುವ ವೇಗ ಬರಬೇಕಾದರೆ ಬಹಳ ದೂರ ಓಡಬೇಕು.

ಇನ್ನೊಂದು ಸಂಗತಿ ಎತ್ತರ. ಬೆಂಗಳೂರು ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿರುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಬಲ ಕಡಿಮೆ, ಎಂಜಿನ್ನಿಗೂ ಬಲ ಕಡಿಮೆ. ಬಿಸಿಲು ಹೆಚ್ಚಾದಷ್ಟೂ ಗಾಳಿ ಇನ್ನೂ ತೆಳುವಾಗುತ್ತದೆ. ಹಾಗಾಗಿ ಸಮುದ್ರ ದಂಡೆಯ ಊರಿಗಿಂತ ಇಲ್ಲಿ ರನ್‌ವೇ ಹೆಚ್ಚು ಬೇಕು. ಬೆಳಗಾವಿಯೂ ಎತ್ತರದ ಊರೇ.

ಸಣ್ಣ ದೂರಕ್ಕೆ ಸಮಯ ಜಾಸ್ತಿ ಹಿಡಿಯೋದು ಯಾಕೆ?

ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ 14,000 ಕಿಲೋಮೀಟರ್ ಹಾದಿಯಲ್ಲಿ ಸರಾಸರಿ ವೇಗ ತಾಸಿಗೆ 800 ದಾಟುತ್ತದೆ. ಬೆಳಗಾವಿ–ಬೆಂಗಳೂರು 445 ಕಿಲೋಮೀಟರಿಗೆ ಮಾತ್ರ ಒಂದು ತಾಸು ಹತ್ತು ನಿಮಿಷದ ಆಸುಪಾಸು ಬೇಕು. ಅಂದರೆ ಸರಾಸರಿ 380. ಅರ್ಧವೂ ಇಲ್ಲ.

ವಿಮಾನ ಗೇಟಿನಿಂದ ಹಿಂದೆ ಸರಿದಾಗಿನಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಹೊತ್ತನ್ನು ಪ್ರಯಾಣದ ಸಮಯ ಅಂತ ಬರೆಯುತ್ತಾರೆ. ನೆಲದ ಮೇಲೆ ಉರುಳುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲ ಅದರಲ್ಲೇ ಬಂತು. ಪೂರ್ಣ ವೇಗದಲ್ಲಿ ಹಾರುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ. ಬಸ್ಸು ಊರ ದಾಟಿ ಹೈವೇ ಮುಟ್ಟುವುದಕ್ಕೇ ಅರ್ಧ ತಾಸು ತೊಗೊಂಡ ಹಾಗೆ. ದೂರದ ವಿಮಾನಕ್ಕೂ ಈ ಖರ್ಚು ಇದೆ, ಆದರೆ 17 ತಾಸಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಆಕಾಶಕ್ಕೂ ಬೇಲಿ ಇದೆ

ನೆಲದ ಗಡಿಯಂತೆ ಆಕಾಶಕ್ಕೂ ಗಡಿ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ಸುಮಾರು 9 ತಾಸಿನಲ್ಲಿ ಹೋಗುತ್ತಿದ್ದ ವಿಮಾನಗಳು ಸುತ್ತು ಬಳಸಿ ಸುಮಾರು 13 ತಾಸು ಹಾರಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತೀಯ ವಿಮಾನಗಳ ಹಾದಿ ಉದ್ದವಾಯಿತು.

ನಡುದಾರಿಯಲ್ಲಿ ತೊಂದರೆಯಾದರೆ ಎಲ್ಲಿ ಇಳಿಯಬೇಕು ಎಂಬುದನ್ನೂ ಮೊದಲೇ ಯೋಚಿಸಿರಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ಅಲ್ಲೇ ಉಳಿದು, ಬೇರೆ ವಿಮಾನ ಬಂದ ಮೇಲೆ ಜೂನ್ 8ರಂದು ಮುಂದಕ್ಕೆ ಹೋದರು. ಎಲ್ಲರೂ ಸುರಕ್ಷಿತವಾಗಿ ಮುಟ್ಟಿದರು. 16 ತಾಸಿನ ಪ್ರಯಾಣ ಮಾತ್ರ ದಿನಗಳಾಯಿತು.

ಮನೆಯಿಂದ ಮನೆಗೆ: ನಿಜವಾದ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸ್ಯಾನ್‌ಫ್ರಾನ್ಸಿಸ್ಕೊ ಹತ್ತಿರ ಇರುವ ಮಗ, ಟಿಕೆಟ್ ಸಿಕ್ಕ ಮೇಲೆ, ಸಂಗೊಳ್ಳಿಯ ಮನೆ ಬಾಗಿಲಿಗೆ ಬರಲು ಎಷ್ಟು ಹೊತ್ತು? ನೇರ ವಿಮಾನ ಸಿಕ್ಕಿತು, ಎಲ್ಲವೂ ಸರಿಯಾಗಿ ನಡೆಯಿತು ಅಂತಲೇ ಇಟ್ಟುಕೊಳ್ಳಿ.

* ಅಲ್ಲಿನ ಮನೆಯಿಂದ ವಿಮಾನ ನಿಲ್ದಾಣಕ್ಕೆ: 1 ತಾಸು
* ಅಂತಾರಾಷ್ಟ್ರೀಯ ವಿಮಾನಕ್ಕೆ ಮುಂಚಿತವಾಗಿ ಹಾಜರಿ: 3 ತಾಸು
* ಹಾರಾಟ: 17 ತಾಸು 30 ನಿಮಿಷ
* ಬೆಂಗಳೂರಿನಲ್ಲಿ ಪಾಸ್‌ಪೋರ್ಟ್ ತಪಾಸಣೆ, ಲಗೇಜು: 2 ತಾಸು
* ಬೆಳಗಾವಿ ಅಥವಾ ಹುಬ್ಬಳ್ಳಿ ವಿಮಾನಕ್ಕೆ ಕಾಯುವುದು: 3 ತಾಸು
* ಆ ವಿಮಾನದ ಹಾರಾಟ: 1 ತಾಸು 15 ನಿಮಿಷ
* ಇಳಿದು ಲಗೇಜು ತೊಗೊಂಡು ಹೊರಬರುವುದು: ಅರ್ಧ ತಾಸು
* ಕಾರಿನಲ್ಲಿ ಸಂಗೊಳ್ಳಿಗೆ: 1 ತಾಸು 45 ನಿಮಿಷ

ಒಟ್ಟು 30 ತಾಸು. ಇದರಲ್ಲಿ ದೊಡ್ಡ ವಿಮಾನ ಆಕಾಶದಲ್ಲಿದ್ದದ್ದು ಹದಿನೇಳೂವರೆ ತಾಸು. ಉಳಿದ ಹನ್ನೆರಡೂವರೆ ತಾಸನ್ನು ಮೊಬೈಲ್ ತೋರಿಸುವುದೇ ಇಲ್ಲ.

ನೇರ ವಿಮಾನ ಸಿಗದಿದ್ದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ದುಬೈ ಮೇಲೆ ಬಂದರೆ ಸ್ಯಾನ್‌ಫ್ರಾನ್ಸಿಸ್ಕೊ–ದುಬೈ ಸುಮಾರು 13,000 ಕಿಲೋಮೀಟರ್, ದುಬೈ–ಬೆಂಗಳೂರು ಸುಮಾರು 2,700 ಕಿಲೋಮೀಟರ್. ಒಟ್ಟು 15,700. ಸುಮಾರು 16 ತಾಸು, 4 ತಾಸಿನ ಎರಡು ಹಾರಾಟ, ನಡುವೆ 4 ತಾಸು ಕಾಯುವುದು ಸೇರಿದರೆ 24 ತಾಸು. ಮನೆಯಿಂದ ಮನೆಗೆ ಮೂವತ್ತಾರೂವರೆ ತಾಸು. ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ ಬಂದರೆ ಒಟ್ಟು ದೂರ ಸುಮಾರು 16,500 ಕಿಲೋಮೀಟರ್.

ಇದರ ಮೇಲೆ ಟಿಕೆಟ್ ಸಿಗುವ ಹೊತ್ತು ಬೇರೆ. ಸುದ್ದಿ ಮುಟ್ಟಿದ ಕೂಡಲೇ ವಿಮಾನ ಇರುವುದಿಲ್ಲ. ಆ ದಿನದ್ದು ತಪ್ಪಿದರೆ ಮರುದಿನದ್ದು. ಹಾಗಾಗಿ ಫೋನ್ ಹೋದ ಹೊತ್ತಿನಿಂದ ಒಂದೂವರೆ ದಿನಕ್ಕೆ ಬಂದರೆ ಲಗೂನ ಬಂದಂತೆ, ಎರಡು ದಿನ ಹಿಡಿದರೆ ಅದು ತಡ ಅಲ್ಲ. ಮಣ್ಣು ತಡೆಯಬೇಕೋ ಬೇಡವೋ ಎಂಬುದು ಆಯಾ ಮನೆಯವರ ನಿರ್ಧಾರ. ಆದರೆ ಆ ನಿರ್ಧಾರ 17 ತಾಸಿನ ಲೆಕ್ಕದ ಮೇಲೆ ಆಗಬಾರದು. ‘ಇನ್ನೇನು ಬಂದ’ ಅಂತ ಊರೆಲ್ಲ ಕಾಯುವುದೂ ತಪ್ಪುತ್ತದೆ, ‘ನನ್ನ ಬಿಟ್ಟು ಮಾಡಿದ್ರು’ ಎಂಬ ಕೊರಗು ಮಗನಿಗೆ ಜನ್ಮಪೂರ್ತಿ ಉಳಿಯುವುದೂ ತಪ್ಪುತ್ತದೆ. ಬರಲು ಆಗುವುದೇ ಇಲ್ಲ ಅಂತ ಮೊದಲೇ ಗೊತ್ತಾದರೆ ವಿಡಿಯೊ ಕರೆಯಲ್ಲಾದರೂ ಕೊನೆಯ ದರ್ಶನ ಮಾಡಿಸಬಹುದು.

ಬೆಂಗಳೂರು ಮುಟ್ಟಿದ ಮೇಲೆ ಯಾವ ಹಾದಿ ಲಗೂ?

ಇದು ಇಳಿಯುವ ಹೊತ್ತಿನ ಮೇಲೆ ನಿಂತಿದೆ. ಬೆಳಗಿನ ಜಾವ ಇಳಿದರೆ ಬೆಳಗಾವಿ ಮತ್ತು ಹುಬ್ಬಳ್ಳಿ ಎರಡೂ ಕಡೆಯ ಮೊದಲ ವಿಮಾನ ನೋಡಬೇಕು. ಸಂಗೊಳ್ಳಿಯವರಿಗೆ ಎರಡೂ ನಿಲ್ದಾಣ ಒಂದೂವರೆಯಿಂದ ಎರಡು ತಾಸಿನ ಹಾದಿ. ಯಾವುದು ಮೊದಲು ಬಿಡುತ್ತದೋ ಅದೇ ಒಳ್ಳೆಯದು. ಸವದತ್ತಿ, ರಾಮದುರ್ಗದವರೂ ಎರಡನ್ನೂ ಹೋಲಿಸಿ ನೋಡಬೇಕು.

ಮುಂದಿನ ವಿಮಾನಕ್ಕೆ ಐದಾರು ತಾಸು ಕಾಯಬೇಕಾದರೆ ಕಾರೇ ಮೇಲು. ದೇವನಹಳ್ಳಿಯಿಂದ ನಮ್ಮ ಭಾಗಕ್ಕೆ ರಸ್ತೆಯಲ್ಲಿ 8ರಿಂದ 9 ತಾಸು ಹಿಡಿಯಿರಿ. ಆದರೆ 17 ತಾಸು ಕುಂತು ಬಂದವರು ತಾವೇ ಸ್ಟಿಯರಿಂಗ್ ಹಿಡಿಯಬಾರದು. ನಿದ್ದೆಗೆಟ್ಟ ಕಣ್ಣು ಹೈವೇಯಲ್ಲಿ ಅಪಾಯ.

ರೈಲು ನೋಡುವವರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಇದೆ. 611 ಕಿಲೋಮೀಟರ್ ಹಾದಿಗೆ ಸುಮಾರು ಎಂಟೂವರೆ ತಾಸು. ಸಂಗೊಳ್ಳಿ ಕಡೆಯವರು ಧಾರವಾಡದಲ್ಲೇ ಇಳಿಯಬಹುದು. ರೈಲು ಹೊರಡುವುದು ನಮ್ಮೂರ ಹೆಸರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ. ಅದು ವಿಮಾನ ನಿಲ್ದಾಣದಿಂದ ಸುಮಾರು 35 ಕಿಲೋಮೀಟರ್ ದೂರ, ನಡುವೆ ಬೆಂಗಳೂರಿನ ಟ್ರಾಫಿಕ್ ಇದೆ ಎಂಬುದನ್ನು ಮರೆಯಬೇಡಿ.

ಟಿಕೆಟ್ ತೆಗೆಸುವ ಮುಂಚೆ ನೋಡಬೇಕಾದ್ದು

* ತಾರೀಖು: ಟಿಕೆಟ್‌ನಲ್ಲಿ ‘12ನೇ ತಾರೀಖು 01.40’ ಅಂತಿದ್ದರೆ ಅದು 11ರ ರಾತ್ರಿ ಕಳೆದ ಮೇಲಿನ 1.40. ಅಂದರೆ 11ರ ರಾತ್ರಿಯೇ ವಿಮಾನ ನಿಲ್ದಾಣದಲ್ಲಿರಬೇಕು. 12ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ.
* ಒಟ್ಟು ಅವಧಿ: ಬಿಡುವ ಮತ್ತು ಮುಟ್ಟುವ ಸಮಯ ಕಳೆದು ಲೆಕ್ಕ ಹಾಕಬೇಡಿ. ‘ಒಟ್ಟು ಅವಧಿ’ ಅಂತ ಬೇರೆ ಬರೆದಿರುತ್ತಾರೆ, ಅದನ್ನೇ ನೋಡಿ. ಮುಟ್ಟುವ ಸಮಯದ ಪಕ್ಕದಲ್ಲಿ +1 ಇದ್ದರೆ ಮರುದಿನ, +2 ಇದ್ದರೆ ಅದರ ಮರುದಿನ.
* ನೇರ ಹೌದೋ ಅಲ್ಲವೋ: ವಿಮಾನ ಸಂಸ್ಥೆಗಳು ಇಷ್ಟು ದೂರದ ನೇರ ಹಾರಾಟಗಳನ್ನು ಶುರು ಮಾಡುವುದು, ನಿಲ್ಲಿಸುವುದು, ವಾರದ ದಿನ ಬದಲಿಸುವುದು ಸಾಮಾನ್ಯ. ಹೋದ ವರ್ಷ ಯಾರೋ ಹೋಗಿದ್ದರು ಅಂತ ಈ ಸಲವೂ ಇರುತ್ತದೆ ಅಂತ ತಿಳಿಯಬೇಡಿ.
* ನಡುವಿನ ನಿಲ್ದಾಣದ ನಿಯಮ: ಬೇರೆ ದೇಶದಲ್ಲಿ ವಿಮಾನ ಬದಲಿಸುವುದಾದರೆ ಆ ದೇಶದ ಟ್ರಾನ್ಸಿಟ್ ವೀಸಾ ಬೇಕಾ ಅಂತ ಮೊದಲೇ ಕೇಳಿ.
* ಒಂದೇ ಬುಕಿಂಗ್: ಬೆಳಗಾವಿ ವಿಮಾನ ಮತ್ತು ಅಮೆರಿಕದ ವಿಮಾನದ ಟಿಕೆಟ್ ಬೇರೆ ಬೇರೆ ತೆಗೆಸಿದ್ದರೆ ಒಂದು ತಡವಾಗಿ ಇನ್ನೊಂದು ತಪ್ಪಿದಾಗ ಹೊಸ ಟಿಕೆಟ್ ಖರ್ಚು ನಿಮ್ಮ ಮೇಲೇ ಬೀಳಬಹುದು. ನಡುವೆ ಸಾಕಷ್ಟು ತಾಸು ಬಿಡಿ.
* ವಯಸ್ಸಾದವರು: ಬಿಪಿ, ಶುಗರ್ ಗುಳಿಗೆ ಮತ್ತು ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ. 16–17 ತಾಸು ಒಂದೇ ಸಮ ಕುಂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಒಂದೆರಡು ತಾಸಿಗೊಮ್ಮೆ ಎದ್ದು ನಡೆದಾಡಬೇಕು, ನೀರು ಕುಡಿಯಬೇಕು. ನಡೆಯಲು ಕಷ್ಟವಿದ್ದರೆ ಟಿಕೆಟ್ ತೆಗೆಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿ.
* ಹೋದ ಮೇಲೆ: ಹಗಲು–ರಾತ್ರಿ ಅದಲು ಬದಲಾಗುವುದರಿಂದ ನಿದ್ದೆ ಸರಿಹೋಗಲು ಒಂದು ವಾರಕ್ಕೂ ಹೆಚ್ಚು ಹಿಡಿಯಬಹುದು. ಬೆಳಗಿನ ಬಿಸಿಲಿನಲ್ಲಿ ತಿರುಗಾಡಿದರೆ ಮೈ ಲಗೂ ಹೊಂದಿಕೊಳ್ಳುತ್ತದೆ. ಶುಗರ್ ಇದ್ದವರು ಗುಳಿಗೆಯ ಹೊತ್ತು ಹೇಗೆ ಬದಲಿಸಬೇಕೆಂದು ಹೊರಡುವ ಮುಂಚೆಯೇ ಡಾಕ್ಟರರನ್ನು ಕೇಳಬೇಕು.

ಜಗತ್ತಿನಲ್ಲಿ ಇದಕ್ಕಿಂತ ಉದ್ದದ ಹಾರಾಟಗಳೂ ಇವೆ. ಸಿಂಗಾಪುರ–ನ್ಯೂಯಾರ್ಕ್ ನೇರ ವಿಮಾನ 15,300 ಕಿಲೋಮೀಟರಿಗೂ ಹೆಚ್ಚು ದೂರವನ್ನು 18ರಿಂದ 19 ತಾಸಿನಲ್ಲಿ ಕ್ರಮಿಸುತ್ತದೆ. ವಿಮಾನ ಎಷ್ಟೇ ದೂರ ಹಾರಲಿ, ಪಾಸ್‌ಪೋರ್ಟ್ ಸಾಲು, ಲಗೇಜು ಬೆಲ್ಟು, ಮುಂದಿನ ವಿಮಾನದ ಕಾಯುವಿಕೆ, ಸಾಂಬ್ರಾದಿಂದ ಊರಿಗೆ ಬರುವ ರಸ್ತೆ ಇವು ಹಾಗೇ ಇರುತ್ತವೆ. ಸುಲಭವಾಗಿ ನೆನಪಿಡಲು: ಮೊಬೈಲ್ ತೋರಿಸಿದ ಹಾರಾಟದ ತಾಸಿಗೆ ಕನಿಷ್ಠ 12 ತಾಸು ಕೂಡಿಸಿ. ಆಮೇಲೆ ಊರಿಗೆ ಹೊತ್ತು ತಿಳಿಸಿ.